ಪ್ರೊಫೆಸರರಿಗೊಂದು ಖೆಡ್ಡಾ

ಕಾಕನಕೋಟೆ ಸೀಮೆಯ ಜೀವಿಯೊಂದರ ಚರಿತ್ರೆಯನ್ನು ಅಂತರಜಾಲದ ವಿಶ್ವಕೋಶಕ್ಕೆ ಏರಿಸುವ ಹುಕಿ ನಿಮಗೇನಾದರೂ ಹತ್ತಿದರೆ, ದಯವಿಟ್ಟು ಆನೆಯನ್ನೇ ಆರಿಸಿಕೊಳ್ಳಿ. ಆನೆಗೆ ಆಕರಗಳ ಬರವಿಲ್ಲ. ನಮ್ಮ ಅರ್ಜುನನನ್ನೇ ತಗೊಳ್ಳಿ. 1968ರಲ್ಲಿ ಇದೇ ಕಾಕನಕೋಟೆ ಕಾಡಿನ ಖೆಡ್ಡಾದಲ್ಲಿ ಸಿಕ್ಕಿದ್ದು, 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತದ್ದು, 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಯಸಳೂರಿನಲ್ಲಿ ಕಾಡಾನೆ ಹಿಡಿಯುವ ಕೆಲಸಕ್ಕೆ ಹೋಗಿ ಪ್ರಾಣ ಬಿಟ್ಟದ್ದು, ಪ್ರತಿಯೊಂದಕ್ಕೂ ಪತ್ರಿಕೆ ಉಂಟು, ಫೋಟೋ ಉಂಟು, ವಿಡಿಯೋ ಉಂಟು. ದಸರಾಕ್ಕೆ ಮುಂಚೆ ಆನೆಗಳನ್ನು ಸಾಲಾಗಿ ತೂಕದ ಮೇಲೆ ನಿಲ್ಲಿಸಿ, ಯಾರು ಎಷ್ಟು ಕಿಲೋ ಏರಿದರು ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಜಿಲ್ಲೆ ನಮ್ಮದು. ಪ್ರೊಫೆಸರರನ್ನು ಯಾರು ತೂಗುತ್ತಾರೆ?

ನಾವು ತೂಗಲು ಹೊರಟೆವು. ಅದೇ ಆದ ಪ್ರಮಾದ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಹೀಗೆ ನಾಲ್ಕು ತಾಲ್ಲೂಕಿನ ಸಾಹಿತ್ಯಾಸಕ್ತರು ಒಂದೆಡೆ ಕೂತು ವಿಶ್ವಕೋಶಕ್ಕೆ ಪುಟ ಬರೆಯುವ ಕಾರ್ಯಾಗಾರ. ಇಂಥದ್ದಕ್ಕೆ ವಿಕಿಪೀಡಿಯ ಬಳಗದವರು ಇಟ್ಟಿರುವ ಹೆಸರು ‘ಸಂಪಾದನೋತ್ಸವ’. ಉತ್ಸವ ಎಂದರೆ ನಮ್ಮವರು ಬಿಡುತ್ತಾರೆಯೇ? ಬ್ಯಾನರ್ ಬಂತು, ಬ್ಯಾಡ್ಜ್ ಬಂತು, ಬಾಡೂಟ ಉಂಟೋ ಇಲ್ಲವೋ ಎಂಬ ವಿಚಾರಣೆ ಬಂತು. ಜಾಗ ಅಂತರಸಂತೆ. ಕಾಕನಕೋಟೆಯಲ್ಲೇ ಮಾಡೋಣವೆಂದರೆ ಕಾಡಿನೊಳಗೆ ಸಿಗ್ನಲ್ ಸಿಗುವುದಿಲ್ಲ. ಅಲ್ಲಿ ಜ್ಞಾನವನ್ನು ಏರಿಸಲೂ ಆಗದು, ಇಳಿಸಲೂ ಆಗದು.

ಮೊದಲ ಗಂಟೆಯಲ್ಲೇ ಎಲ್ಲರೂ ತಂತಮ್ಮ ವ್ಯಕ್ತಿಯನ್ನು ಆರಿಸಿಕೊಂಡಿದ್ದರು. ಕೆ.ಆರ್. ನಗರದ ನಿವೃತ್ತ ಹೆಡ್‌ಮಾಸ್ಟರು ತಮ್ಮ ತೀರ್ಥರೂಪರನ್ನು, ಎಚ್.ಡಿ. ಕೋಟೆಯ ವಕೀಲರು ತಮ್ಮ ನಾಯಕರನ್ನು. ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೆಳೆದು ಬಿಡುವಿದ್ದಾಗ ಚುಟುಕ ಕಟ್ಟುವ ಕವಿಗಳೊಬ್ಬರು ಸಂಕೋಚವಿಲ್ಲದೆ ತಮ್ಮನ್ನೇ ಆರಿಸಿಕೊಂಡು, ‘ಪ್ರಶಸ್ತಿಗಳು’ ಎಂಬ ತಲೆಬರಹದವರೆಗೆ ಬಂದುಬಿಟ್ಟಿದ್ದರು. ನಮಗೆ ಪಾಠ ಹೇಳಲು ಬಂದಿದ್ದವಳು ಡಿಗ್ರಿ ಕೊನೆಯ ವರ್ಷದ ಒಬ್ಬ ಹುಡುಗಿ. ಅವಳು ಮೂರನ್ನೂ ನಯವಾಗಿ ಹೊಡೆದು ಹಾಕಿದಳು. ಬದುಕಿರುವವರ ಪುಟಕ್ಕೆ ನಿಯಮ ಬಲು ಬಿಗಿ, ಹತ್ತಿರದವರ ಬಗ್ಗೆ ಬರೆಯಬಾರದು, ತನ್ನ ಬಗ್ಗೆ ತಾನಂತೂ ಬರೆಯಲೇಬಾರದು. “ಮತ್ತೆ ಯಾರ ಬಗ್ಗೆ ಬರೀಬೇಕಮ್ಮ?” ಎಂದರು ಹೆಡ್‌ಮಾಸ್ಟರು. “ನಿಮಗೆ ಸಂಬಂಧ ಇಲ್ಲದವರ ಬಗ್ಗೆ, ಸರ್.” ಸಂಬಂಧ ಇಲ್ಲದವರ ಬಗ್ಗೆ ಒಳ್ಳೆಯ ಮಾತು ಬರೆಯಬೇಕು ಎಂಬ ಕಲ್ಪನೆಯೇ ಸಭೆಗೆ ಹೊಸದು. ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು.

ಹುಣಸೂರಿನ ಕಾಲೇಜೊಂದರಲ್ಲಿ ಮನೋವಿಜ್ಞಾನ ಹೇಳುವ ಅತಿಥಿ ಉಪನ್ಯಾಸಕರು ಆಗ ಹೆಸರೊಂದನ್ನು ಸೂಚಿಸಿದರು: ಎಂ.ವಿ. ಗೋಪಾಲಸ್ವಾಮಿ. ಯಾರಿಗೂ ನೆಂಟರಲ್ಲ, ಯಾರಿಗೂ ಗೊತ್ತಿಲ್ಲ. ಹಾಗಾಗಿ ಸರ್ವಾನುಮತದಿಂದ ಅಂಗೀಕಾರವಾಯಿತು.

ಹುಡುಗಿ ಹೆಸರು ಟೈಪಿಸಿದಳು. ಪರದೆಯ ಮೇಲೆ ಮೊದಲು ಮೂಡಿದ್ದು ಗುಂಡ್ಲುಪೇಟೆ ಕಡೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಆಮೇಲೆ ಬೆಟ್ಟದ ಮೇಲಿನ ದೇವರು, ಆಮೇಲೆ ಸಂವಿಧಾನದ ಕರಡು ಸಮಿತಿಯಲ್ಲಿದ್ದ ಗೋಪಾಲಸ್ವಾಮಿ ಅಯ್ಯಂಗಾರರು, ಆಮೇಲೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಇನ್ನೊಬ್ಬ ಗೋಪಾಲಸ್ವಾಮಿ. ನಮ್ಮ ಪ್ರೊಫೆಸರರು ಈ ಜಾತ್ರೆಯಲ್ಲಿ ಎಲ್ಲೋ ಹಿಂದೆ.

ಅವರು ಯಾರೆಂದರೆ, ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಕೈಕೆಳಗೆ ಓದಿ ಬಂದವರು. ಸ್ಪಿಯರ್‌ಮನ್ ಅಂದರೆ, ಎಲ್ಲ ಬಗೆಯ ಜಾಣತನದ ಅಡಿಯಲ್ಲೂ ಒಂದೇ ಸಾಮಾನ್ಯ ಬುದ್ಧಿಶಕ್ತಿ ಇದೆ ಎಂದು 1904ರಲ್ಲಿ ಲೆಕ್ಕ ಹಾಕಿ ತೋರಿಸಹೊರಟ ಮಹಾಶಯ. (ನಮ್ಮ ಕಾರ್ಯಾಗಾರ ನೋಡಿದ್ದರೆ ಸಿದ್ಧಾಂತಕ್ಕೊಂದು ಅಪವಾದ ಸೇರಿಸುತ್ತಿದ್ದನೋ ಏನೋ.) ಗೋಪಾಲಸ್ವಾಮಿ ಮೈಸೂರಿಗೆ ಬಂದರು; ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಶುರುವಾಯಿತು. ತತ್ತ್ವಶಾಸ್ತ್ರದ ಪಡಸಾಲೆಯ ಮೂಲೆಯಲ್ಲಿ ಕೂತಿದ್ದ ವಿಷಯಕ್ಕೆ ಅವರು ಪ್ರಯೋಗಾಲಯ ಕಟ್ಟಿಕೊಟ್ಟರು, ಗುರುವಿನ ಲಂಡನ್ ಪ್ರಯೋಗಾಲಯದ ಮಾದರಿಯಲ್ಲೇ. ಆ ವರ್ಷವೇ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಅವರ ಪ್ರಬಂಧ ಬಂತು. ಬುದ್ಧಿಶಕ್ತಿಗೂ, ಕೈಕಾಲು ಹೊಸ ಚಲನೆಯೊಂದನ್ನು ಕಲಿಯುವುದಕ್ಕೂ ಇರುವ ನಂಟು ಅದರ ವಿಷಯ. ಇದಿಷ್ಟೂ ಸಾಲದು ಎಂಬಂತೆ 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಸ್ವಂತ ಖರ್ಚಿನಲ್ಲಿ ರೇಡಿಯೋ ಪ್ರಸಾರ ಶುರು ಮಾಡಿದರು. ಅದರ ಹೆಸರೇ ಆಕಾಶವಾಣಿ. ಸರ್ಕಾರದ ರೇಡಿಯೋಗೆ ‘ಆಲ್ ಇಂಡಿಯಾ ರೇಡಿಯೋ’ ಎಂಬ ನಾಮಕರಣವಾದದ್ದೇ ಮರುವರ್ಷ, 1936ರ ಜೂನ್‌ನಲ್ಲಿ. ನಮ್ಮ ಮೇಷ್ಟ್ರ ರೇಡಿಯೋದ ಹೆಸರನ್ನು ದೆಹಲಿ ತನ್ನದು ಮಾಡಿಕೊಂಡದ್ದು ಇನ್ನೂ ಎರಡು ದಶಕ ಕಳೆದು, 1957ರಲ್ಲಿ.

ಇಷ್ಟನ್ನು ಬರೆದು, ಪ್ರತಿ ಸಾಲಿಗೂ ಒಂದು ಆಕರ ಅಂಟಿಸಿದರೆ ಪುಟ ಮುಗಿಯಿತು ಎಂದು ನಿಮಗೆ ಅನ್ನಿಸಬಹುದು. ಹುಡುಗಿಗೂ ಹಾಗೇ ಅನ್ನಿಸಿತ್ತು.

ಮೊದಲ ತಕರಾರು ಇನಿಷಿಯಲ್ಲಿನದು. ‘ಎಂ’ ಅಂದರೆ ಯಾವ ಊರು? “ಮಿರ್ಲೆ ಇರಬಹುದು” ಎಂದರು ಹೆಡ್‌ಮಾಸ್ಟರು. ಮಿರ್ಲೆ ಅವರ ಕಡೆಯದು. ಹುಣಸೂರಿನವರಿಗೆ ಅದು ಮನುಗನಹಳ್ಳಿ ಎಂದು ಖಾತ್ರಿಯಾಯಿತು. ಕವಿಗಳು ಮಾಕೋಡು ಎಂದರು. ವಕೀಲರು ಮಾದಾಪುರ ಎಂದು ವಾದಿಸಿದರು. ಸರಗೂರು ಬೇರೆ ತಾಲ್ಲೂಕಾಗಿ ಹೋದಮೇಲೆ ತಮ್ಮ ಪಾಲಿಗೆ ಮಹನೀಯರ ಕೊರತೆ ಬಿದ್ದಿದೆ, ಇವರನ್ನಾದರೂ ಬಿಟ್ಟುಕೊಡಿ ಎಂಬುದು ಅವರ ಧಾಟಿ. ಹೀಗೆ ಒಬ್ಬ ಮನುಷ್ಯ ಹತ್ತೇ ನಿಮಿಷದಲ್ಲಿ ನಾಲ್ಕು ತಾಲ್ಲೂಕಿನಲ್ಲಿ ಹುಟ್ಟಿದ. ಪ್ರತಿ ಜನನಕ್ಕೂ ಹುಡುಗಿ ‘ಸಾಕ್ಷ್ಯಾಧಾರ ಬೇಕಾಗಿದೆ’ ಎಂಬ ಚೀಟಿ ಅಂಟಿಸುತ್ತ ಹೋದಳು.

ಎರಡನೆಯ ಪ್ರಶ್ನೆ ಬರುವುದು ಖಂಡಿತವೆಂದು ಎಲ್ಲರಿಗೂ ಗೊತ್ತಿತ್ತು. ಯಾರು ಮೊದಲು ಬಾಯಿ ಬಿಡುತ್ತಾರೆ ಎಂಬುದಷ್ಟೇ ಕುತೂಹಲ. ಚಹಾ ಲೋಟ ಇಳಿಸುತ್ತ, ಎಲ್ಲೋ ನೋಡುತ್ತ, ವಕೀಲರೇ ಕೇಳಿದರು: “ಅಲ್ಲಾ, ಅವರು ಯಾವ ಪೈಕಿ?” ನೋಡಿ, ಮನೋವಿಜ್ಞಾನಕ್ಕೆ ಸ್ಪಿಯರ್‌ಮನ್ನನ ಸಾಮಾನ್ಯ ಬುದ್ಧಿಶಕ್ತಿ ಇದ್ದ ಹಾಗೆ ನಮ್ಮ ಸೀಮೆಗೆ ಇದೊಂದು ಸಾಮಾನ್ಯ ಪ್ರಶ್ನೆ. ಬೇರೆಲ್ಲ ಕುತೂಹಲಗಳೂ ಇದರ ಮರಿಗಳೇ. ಹುಡುಗಿ, “ಅದು ಲೇಖನಕ್ಕೆ ಅಗತ್ಯ ಇಲ್ಲ” ಎಂದಳು. “ಲೇಖನಕ್ಕಲ್ಲ ತಾಯಿ, ಸುಮ್ನೆ ತಿಳ್ಕೊಳಾಕೆ” ಎಂದರು. ತಿಳಿಯದ ಕಾರಣ ವಕೀಲರಿಗೆ ಆ ಪುಟದ ಮೇಲಿನ ಅರ್ಧ ಆಸಕ್ತಿ ಅಲ್ಲೇ ಹೋಯಿತು.

ಉಳಿದವರ ಆಸಕ್ತಿ ಮಾತ್ರ ಮೇರೆ ಮೀರಿತು. ಖೆಡ್ಡಾ ನೋಡಿದ ಹಳಬರು ಹೇಳುವುದುಂಟು: ತಮಟೆ, ಪಂಜು, ಈಡು, ಕೂಗು ಎಲ್ಲ ದಿಕ್ಕಿನಿಂದ ಒಟ್ಟಿಗೇ ಬಂದಾಗ ಆನೆಗೆ ಉಳಿಯುವ ದಾರಿ ಒಂದೇ, ಮುಂದಿರುವ ಆವರಣ. ನಾಲ್ಕು ತಾಲ್ಲೂಕಿನ ಸಂಪಾದಕರ ನಡುವೆ ಪ್ರೊಫೆಸರರ ಪಾಡೂ ಅದೇ ಆಯಿತು. ಹುಡುಗಿ ಬರೆದಿದ್ದ ಮೊದಲ ವಾಕ್ಯ ಹೀಗಿತ್ತು: “ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದರು.” ಇದರಲ್ಲಿ ತಪ್ಪೇನಿದೆ? ಹೆಡ್‌ಮಾಸ್ಟರಿಗೆ ಮರ್ಯಾದೆ ಸಾಲಲಿಲ್ಲ. ‘ಶ್ರೀಯುತ ಪ್ರೊಫೆಸರ್ ಡಾಕ್ಟರ್’ ಎಂದು ಮುಂದೆ, ‘ಅವರುಗಳು’ ಎಂದು ಹಿಂದೆ ಸೇರಿಸಿದರು. ಒಬ್ಬರೇ ಮನುಷ್ಯರು ಬಹುವಚನದ ಮೇಲೆ ಬಹುವಚನ ಹೊತ್ತು ನಿಂತರು. ವಕೀಲರು ‘ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕೃಪಾಕಟಾಕ್ಷದಿಂದ 1924ರಲ್ಲಿ’ ಎಂದು ತುರುಕಿದರು. ಮಿರ್ಜಾ ದಿವಾನರಾದದ್ದು 1926ರಲ್ಲಿ ಎಂದು ಹುಡುಗಿ ಅದನ್ನು ಕಿತ್ತು, ಆಗಿನ ಉಪಕುಲಪತಿ ಬ್ರಜೇಂದ್ರನಾಥ ಸೀಲರ ಹೆಸರು ಹಾಕಿದಳು. “ನಮ್ಮ ಮೈಸೂರಿನ ಪುಟದಾಗೆ ಬಂಗಾಳಿ ಯಾಕೆ ಬಂದ?” ಎಂದು ಕವಿಗಳು ಸೀಲರನ್ನು ಎತ್ತಿ, ಆ ಜಾಗಕ್ಕೆ ‘ಕುವೆಂಪು ಅವರು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ’ ಎಂದು ತಂದರು. ಕುವೆಂಪು ಇಲ್ಲದ ಮೈಸೂರಿನ ಪುಟ ಒಗ್ಗರಣೆಯಿಲ್ಲದ ಸಾರೆಂದು ಅವರ ಅಭಿಮತ. ಕೊನೆಗೆ ವಾಕ್ಯ ಅರ್ಧ ಪುಟಕ್ಕೆ ಬೆಳೆಯಿತು. ಅರಮನೆ, ನಾಲ್ವಡಿಯವರು, ಮಲ್ಲಿಗೆ, ವೀಳ್ಯದೆಲೆ, ಸುಸಂಸ್ಕೃತ ನಾಗರಿಕರು ಎಲ್ಲ ಒಳಗೆ ಬಂದರು; ಒತ್ತಡಕ್ಕೆ ಸಿಕ್ಕು ‘ಮನೋವಿಜ್ಞಾನ’ ಎಂಬ ಪದ ಎಲ್ಲೋ ಹೊರಗೆ ಬಿದ್ದುಹೋಯಿತು. ಅದು ಬಿದ್ದದ್ದನ್ನು ಗಮನಿಸಿದವರು ಉಪನ್ಯಾಸಕರೊಬ್ಬರೇ.

ಆಮೇಲೆ ‘ಮೊದಲ’ ಎಂಬುದರ ರಗಳೆ. ಈ ದೇಶದಲ್ಲಿ ಮನೋವಿಜ್ಞಾನಕ್ಕೆಂದೇ ವಿಭಾಗ ಮೊದಲು ಶುರುವಾದದ್ದು ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ, 1916ರಲ್ಲಿ. ಮೈಸೂರಿನದು ಆಮೇಲಿನದು. “ಎರಡನೇದು ಅಂತ ಬರೆದರೆ ಯಾರು ಓದ್ತಾರಮ್ಮ?” ಎಂದರು ಹೆಡ್‌ಮಾಸ್ಟರು. ಹುಡುಗಿ ಮಣಿಯಲಿಲ್ಲ. ಆಗ ಅವರು ನಮ್ಮ ಜನರ ಹಳೆಯ ಉಪಾಯ ಹೂಡಿದರು, ಬೇಲಿ ಕಿರಿದು ಮಾಡುತ್ತ ಬರುವುದು. ದಕ್ಷಿಣ ಭಾರತದ ಮೊದಲ. ಸಂಸ್ಥಾನಗಳ ಪೈಕಿ ಮೊದಲ. ಕಾವೇರಿ ಕೊಳ್ಳದ ಮೊದಲ. ಬೇಲಿಯನ್ನು ಸಾಕಷ್ಟು ಒಳಕ್ಕೆ ಎಳೆದರೆ ನಾವೆಲ್ಲರೂ ಒಂದಲ್ಲ ಒಂದರಲ್ಲಿ ಮೊದಲಿಗರೇ. ನಮ್ಮ ಬೀದಿಯಲ್ಲಿ ಈ ವರ್ಷ ಮೊದಲು ತೆರಿಗೆ ಕಟ್ಟಿದವನು ನಾನು.

ನಿಜವಾದ ಯುದ್ಧ ನಡೆದದ್ದು ‘ಆಕಾಶವಾಣಿ’ ಎಂಬ ಹೆಸರನ್ನು ಇಟ್ಟವರು ಯಾರು ಎಂಬ ಸಾಲಿನಲ್ಲಿ. ಕೆಲವು ಪುಸ್ತಕಗಳು ಗೋಪಾಲಸ್ವಾಮಿಯವರೇ ಎನ್ನುತ್ತವೆ. ಕೆಲವು, ಆ ಕೇಂದ್ರದಲ್ಲಿ ಅವರ ಜೊತೆಗಿದ್ದ ನಾ. ಕಸ್ತೂರಿ ಎನ್ನುತ್ತವೆ. ಉತ್ತರದ ಕಡೆಯವರನ್ನು ಕೇಳಿದರೆ ಟ್ಯಾಗೋರ್ ಎನ್ನುತ್ತಾರೆ, ಕಲ್ಕತ್ತ ಕೇಂದ್ರಕ್ಕೆ ಅವರು ಆ ಹೆಸರಿನ ಪದ್ಯ ಕೊಟ್ಟದ್ದು 1938ರಲ್ಲಿ. ಮೂರು ವರ್ಷ ಮೊದಲೇ ವಿಠ್ಠಲ ವಿಹಾರದಲ್ಲಿ ಮೈಕು ಬಿಸಿಯಾಗಿತ್ತು ಎಂಬ ಒಂದೇ ವಿಷಯದಲ್ಲಿ ನಾಲ್ಕು ತಾಲ್ಲೂಕೂ ಒಂದಾದವು. ಟ್ಯಾಗೋರರನ್ನು ಓಡಿಸಿದ ಬಳಿಕ ಒಳಜಗಳಕ್ಕೆ ದಾರಿ ಸುಗಮವಾಯಿತು. ಹುಣಸೂರು ಗೋಪಾಲಸ್ವಾಮಿ ಪಕ್ಷ, ಪಿರಿಯಾಪಟ್ಟಣ ಕಸ್ತೂರಿ ಪಕ್ಷ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುವುದು, ಅಳಿಸಿದ್ದನ್ನು ಮೊದಲಿನವರು ತಿರುಗಿ ತರುವುದು. ಒಂದು ದಿನದಲ್ಲಿ ಒಬ್ಬರು ಮೂರಕ್ಕಿಂತ ಹೆಚ್ಚು ಬಾರಿ ಹೀಗೆ ತಿರುಗಿಸಬಾರದು ಎಂದು ವಿಕಿಪೀಡಿಯದಲ್ಲಿ ನಿಯಮವಿದೆಯಂತೆ. ನಿಯಮ ಕೇಳಿದ ಕೂಡಲೇ ಇಬ್ಬರೂ ಭಾವಮೈದಂದಿರ ಹೆಸರಲ್ಲಿ ಖಾತೆ ತೆರೆದರು.

ನಡುವೆ ವಕೀಲರು ಎದ್ದು, ಕಸ್ತೂರಿಯವರು ಮೂಲತಃ ಕೇರಳದವರು ಎಂಬ ಮಾಹಿತಿಯನ್ನು ಬಾಂಬಿನಂತೆ ಇಟ್ಟರು. ಬಾವಲಿ ಗೇಟಿನಿಂದ ಆಚೆ ವಯನಾಡು. ಕೋಟೆ ಕಡೆಯವರಿಗೆ ಕೇರಳ ಅಂದರೆ ರಾತ್ರಿ ಲಾರಿ ಬಿಡಬೇಕೋ ಬೇಡವೋ ಎಂಬ ಕಾಯಂ ತಗಾದೆ. ಕಸ್ತೂರಿ ಪಕ್ಷ ಒಂದು ಕ್ಷಣ ಅಲುಗಿತು. ಆದರೆ ಆ ಮಲಯಾಳಿ ಕನ್ನಡಕ್ಕೆ ಬಂದು ಮಾಡಿದ್ದೇನು? ‘ಅನರ್ಥಕೋಶ’ ಎಂಬ ಪುಸ್ತಕ ಬರೆದು ನಿಘಂಟುಗಳ ಗಾಂಭೀರ್ಯವನ್ನೇ ನಗೆಪಾಟಲು ಮಾಡಿದರು, ‘ಕೊರವಂಜಿ’ಯಲ್ಲಿ ಬರೆದು ನಗಿಸಿದರು. ಆ ಕೊರವಂಜಿಯನ್ನು ನಡೆಸಿದವರು ಡಾ. ಎಂ. ಶಿವರಾಂ, ಅಂದರೆ ರಾಶಿ. ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂದದ್ದು ನಗೆಬರಹಕ್ಕಲ್ಲ, ‘ಮನಮಂಥನ’ ಎಂಬ ಮನೋವೈದ್ಯದ ಪುಸ್ತಕಕ್ಕೆ. ಮನಸ್ಸಿನ ಶಾಸ್ತ್ರ ಓದಿದವರೂ ನಗೆ ಬರೆಯುವವರೂ ಮೈಸೂರು ಸೀಮೆಯಲ್ಲಿ ಯಾಕೆ ಒಂದೇ ಜಗಲಿಯಲ್ಲಿ ಸಿಗುತ್ತಿದ್ದರು ಎಂಬುದು ನನಗೆ ಆ ದಿನ ಮಧ್ಯಾಹ್ನ ಚೆನ್ನಾಗಿ ಅರ್ಥವಾಯಿತು. ವಿಶ್ವಕೋಶದಲ್ಲಿ ಅದಕ್ಕೊಂದು ಸಾಲು ಹಾಕೋಣವೆಂದರೆ, ಅದು ನನ್ನ ಸ್ವಂತ ಸಂಶೋಧನೆಯಾಗುತ್ತದೆ, ನಿಷಿದ್ಧ.

ಊಟವಾದ ಮೇಲೆ ಉಪನ್ಯಾಸಕರು ಸ್ಕೂಟರಿನ ಡಿಕ್ಕಿಯಿಂದ ಒಂದು ಉಪಕರಣ ತಂದು ಮೇಜಿನ ಮೇಲಿಟ್ಟರು. ಒಂದು ಹಲಗೆ, ಎದುರಿಗೆ ನೆಟ್ಟಗೆ ನಿಂತ ಕನ್ನಡಿ, ಹಲಗೆಯ ಮೇಲೆ ಜೋಡಿಗೆರೆಯಲ್ಲಿ ಬರೆದ ನಕ್ಷತ್ರ, ಕೈ ನೇರವಾಗಿ ಕಾಣದ ಹಾಗೆ ಅಡ್ಡ ಒಂದು ತಗಡು. ಕನ್ನಡಿಯಲ್ಲಿ ಮಾತ್ರ ನೋಡುತ್ತ ಎರಡು ಗೆರೆಗಳ ನಡುವೆ ಪೆನ್ಸಿಲ್ ನಡೆಸಬೇಕು. ಗೋಪಾಲಸ್ವಾಮಿಯವರ ಪ್ರಬಂಧದ ಕಾಲದಲ್ಲಿ ಚಲನೆಯ ಕಲಿಕೆ ಅಳೆಯಲು ಬಳಕೆಯಲ್ಲಿದ್ದ ಸಾಧನ ಇದು. ಇಂದಿಗೂ ಮನೋವಿಜ್ಞಾನದ ಪ್ರಾಕ್ಟಿಕಲ್ಲಿನಲ್ಲಿ ಹುಡುಗರು ಇದರ ಮುಂದೆ ಬೆವರುತ್ತಾರೆ. ಹೆಡ್‌ಮಾಸ್ಟರು ಸುಲಭ ಎಂದುಕೊಂಡು ಕೂತರು. ಮೊದಲ ಗೆರೆ ನೆಟ್ಟಗೆ ಹೋಯಿತು. ತಿರುವು ಬಂದ ಕೂಡಲೇ ಕೈ ಮೇಲೆ ಹೋಗಬೇಕಾದಲ್ಲಿ ಕೆಳಗೆ ಹೋಯಿತು, ಸರಿಪಡಿಸಲು ಹೋದರೆ ಇನ್ನೂ ಕೆಳಗೆ. ಪೆನ್ಸಿಲ್ ಒಂದೇ ಜಾಗದಲ್ಲಿ ಗಿರಿಗಿರಿ ಗೀಚಿ ಕಾಗದಕ್ಕೆ ತೂತು ಬಿತ್ತು. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಗುಂಡಗೆ ಬರೆದ ಕೈ ಅದು. ಗಲ್ಲದ ಮೇಲೆ ಬೆವರಿನ ಒಂದು ಹನಿ ಇಳಿದು ಬಂದು ನಕ್ಷತ್ರದ ಮೇಲೆಯೇ ಬಿತ್ತು. ಕವಿಗಳದ್ದು ಎರಡನೆಯ ಸರದಿ, ಅವರ ನಕ್ಷತ್ರ ಹೊಗೆಸೊಪ್ಪಿನ ಎಲೆಯಂತೆ ಆಯಿತು. ವಕೀಲರು ಕನ್ನಡಿಯಲ್ಲೇ ದೋಷವಿದೆ ಎಂದು ಆಕ್ಷೇಪಣೆ ಎತ್ತಿದರು.

“ಇದರ ಮೇಲೆ ಒಂದು ಪ್ಯಾರಾ ಬರೆಯೋಣವೇ?” ಎಂದು ಉಪನ್ಯಾಸಕರು ಆಸೆಯಿಂದ ಕೇಳಿದರು. ‘ಮನೋವಿಜ್ಞಾನಕ್ಕೆ ಕೊಡುಗೆ’ ಎಂಬ ತಲೆಬರಹದ ಕೆಳಗೆ ಬೆಳಗಿನಿಂದ ಒಂದಕ್ಷರ ಬಿದ್ದಿರಲಿಲ್ಲ. ಸಭೆ ಯೋಚಿಸಿತು. ನಕ್ಷತ್ರದ ಫೋಟೋ ಹಾಕೋಣ, ಬರಹ ಆಮೇಲೆ ನೋಡೋಣ ಎಂದಾಯಿತು. ಫೋಟೋದಲ್ಲಿ ಯಾರ ಕೈ ಕಾಣಬೇಕೆಂಬ ಬಗ್ಗೆ ಮಾತು ಬೆಳೆದು ಅದೂ ನಿಂತಿತು.

ಉಪನ್ಯಾಸಕರು ಪಾಪ, ಕಲಿತದ್ದನ್ನು ಬಿಟ್ಟುಕೊಡದ ಮನುಷ್ಯ. ಕೇಂಬ್ರಿಜ್ಜಿನ ಫ್ರೆಡರಿಕ್ ಬಾರ್ಟ್ಲೆಟ್ 1932ರ ತನ್ನ ಪುಸ್ತಕದಲ್ಲಿ ವಿವರಿಸಿದ ಪ್ರಯೋಗ ಹೇಳಿದರು. ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲಿಷರಿಗೆ ಓದಿಸಿ, ಮತ್ತೆ ಬರೆಯಿಸಿದ. ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ಕೊಟ್ಟು, ಅವರಿಂದ ಮತ್ತೆ ಬರೆಯಿಸಿದ. ಕೈ ಬದಲಾದಂತೆಲ್ಲ ಕಥೆ ಕುಗ್ಗಿತು. ಅರ್ಥವಾಗದ ಭಾಗ ಉದುರಿತು. ಸೀಲ್ ಬೇಟೆ ಮೀನುಗಾರಿಕೆಯಾಯಿತು, ಅವರ ದೋಣಿ ಇಂಗ್ಲಿಷರ ದೋಣಿಯಾಯಿತು. ಪ್ರತಿಯೊಬ್ಬರೂ ತಮಗೆ ಗೊತ್ತಿದ್ದ ಲೋಕದ ಅಚ್ಚಿಗೆ ಕಥೆಯನ್ನು ಒತ್ತಿ ಕೂರಿಸಿದ್ದರು, ಯಾರಿಗೂ ತಾವು ಬದಲಿಸಿದ್ದೇವೆ ಎನ್ನಿಸಿರಲಿಲ್ಲ. ನಾನು ಪರದೆ ನೋಡಿದೆ. ಪುಟದ ‘ಇತಿಹಾಸ’ ಎಂಬ ಗುಂಡಿ ಒತ್ತಿದರೆ ಬೆಳಗಿನಿಂದ ನಾವು ಮಾಡಿದ್ದೆಲ್ಲ ಸಾಲಾಗಿ, ಗಂಟೆ ನಿಮಿಷದ ಸಮೇತ ಇತ್ತು. ಬಾರ್ಟ್ಲೆಟ್ ಇಷ್ಟು ಅಚ್ಚುಕಟ್ಟಾದ ದಾಖಲೆ ಕಂಡು ಹೊಟ್ಟೆಕಿಚ್ಚು ಪಡುತ್ತಿದ್ದ. “ಈ ಬಾರ್ಟ್ಲೆಟ್ ಮೈಸೂರಿಗೆ ಬಂದಿದ್ರಾ?” ಎಂದು ಹೆಡ್‌ಮಾಸ್ಟರು ಕೇಳಿದರು; ಬಂದಿದ್ದರೆ ಸೇರಿಸಬಹುದಿತ್ತು.

ಇದನ್ನು ಹಳ್ಳಿಗರ ಮೌಢ್ಯವೆಂದು ನೀವು ನಕ್ಕುಬಿಟ್ಟರೆ ನಮಗೆ ಅನ್ಯಾಯ. ದೊಡ್ಡ ಊರುಗಳಲ್ಲೂ ಇದೇ ಬಾಳು. ಕೆನಡಾದ ಭೌತವಿಜ್ಞಾನಿ ಡೊನಾ ಸ್ಟ್ರಿಕ್‌ಲ್ಯಾಂಡ್ ಬಗ್ಗೆ ಯಾರೋ ಬರೆದ ಕರಡನ್ನು 2018ರ ಮೇ ತಿಂಗಳಲ್ಲಿ ಇಂಗ್ಲಿಷ್ ವಿಕಿಪೀಡಿಯ ತಿರಸ್ಕರಿಸಿತು, ಈಕೆಯ ಮಹತ್ವಕ್ಕೆ ಆಕರ ಸಾಲದು ಎಂದು. ಅಕ್ಟೋಬರ್‌ನಲ್ಲಿ ಆಕೆಗೆ ನೊಬೆಲ್ ಬಂತು. ಪಾಪ, ನೊಬೆಲ್ ಸಮಿತಿಗೆ ನಿಯಮ ಗೊತ್ತಿರಲಿಲ್ಲ. ಕಾದಂಬರಿಕಾರ ಫಿಲಿಪ್ ರಾತ್ 2012ರಲ್ಲಿ ತನ್ನದೇ ಕಾದಂಬರಿಯ ಪುಟದ ತಪ್ಪೊಂದನ್ನು ತಿದ್ದಲು ಹೋದಾಗ, ನೀವು ಬರೆದವರು ನಿಜ, ಆದರೆ ನಮಗೆ ಬೇರೆಯವರ ಆಕರ ಬೇಕು ಎಂಬ ಉತ್ತರ ಬಂತಂತೆ. ಆತ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದ, ಆಕರ ಹುಟ್ಟಿತು. ನಮ್ಮಲ್ಲಿ ಈ ಹೆರಿಗೆ ಇನ್ನೂ ಸಲೀಸು. ಯಾರೋ ಅಂತರಜಾಲದಲ್ಲಿ ಒಂದು ಸಾಲು ಬರೆಯುತ್ತಾರೆ. ಯಾವುದೋ ವಾರ್ಷಿಕೋತ್ಸವದ ದಿನ ಪುಟ ತುಂಬಿಸಬೇಕಾದ ಇನ್ನೊಬ್ಬರು ಅದನ್ನು ಎತ್ತಿ ಪತ್ರಿಕೆಗೆ ಹಾಕುತ್ತಾರೆ. ಮರುದಿನ ಮೊದಲಿನವರು ಆ ಪತ್ರಿಕೆಯನ್ನೇ ಆಕರವಾಗಿ ಅಂಟಿಸುತ್ತಾರೆ. ಕರುವೇ ಹಸುವನ್ನು ಈಯ್ದ ಹಾಗೆ.

ಒಮ್ಮೆ ಹೀಗೆ ಕೂತ ತಪ್ಪು ಏಳುವುದಿಲ್ಲ ಎಂಬುದಕ್ಕೆ ನಮ್ಮ ತಾಲ್ಲೂಕಿನದೇ ಸಾಕ್ಷಿಯಿದೆ. ಎಚ್.ಡಿ. ಕೋಟೆಯ ಕಾರಾಪುರದ ಸಾಬು, ಮಾವುತರ ಮನೆಯ ಹುಡುಗ, 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಹಾಲಿವುಡ್ಡಿಗೆ ಹೋಗಿ ತಾರೆಯಾದ. ಜಗತ್ತಿನ ಎಷ್ಟೋ ಆಕರಗ್ರಂಥಗಳಲ್ಲಿ ಅವನ ಹೆಸರು ‘ಸಾಬು ದಸ್ತಗೀರ್’. ದಸ್ತಗೀರ್ ಎಂಬುದು ಅವನ ಅಣ್ಣನ ಹೆಸರು. ಜೊತೆಗೆ ಹೋಗಿದ್ದ ಅಣ್ಣನ ಹೆಸರು ತಮ್ಮನಿಗೆ ಅಂಟಿಕೊಂಡು ಹೋದದ್ದೇ ಹೋದದ್ದು. ನಮ್ಮ ವಕೀಲರು ಸಾಬುವಿನ ಹೆಮ್ಮೆಯನ್ನು ಐದು ನಿಮಿಷ ಕೊಚ್ಚಿಕೊಂಡರು, ಹೆಸರು ಮಾತ್ರ ದಸ್ತಗೀರ್ ಎಂದೇ ಹೇಳಿದರು.

ಹೊರಗೆ ನಿಂತು ಕೇಳುತ್ತಿದ್ದ ಸಫಾರಿ ಜೀಪಿನ ಡ್ರೈವರ್ ಒಳಗೆ ತಲೆ ಹಾಕಿ, “ಸಾ, ಕಾಕನ ಬಗ್ಗೆ ಒಂದು ಪುಟ ಮಾಡ್ಬುಡಿ, ಟೂರಿಸ್ಟ್‌ಗೋಳು ದಿನಾ ಕೇಳ್ತವೆ” ಎಂದ. ಕಾಕನಕೋಟೆಗೆ ಹೆಸರು ಕೊಟ್ಟ ಕುರುಬರ ಯಜಮಾನ ಕಾಕ. ಅವನಿಗೆ ಆಕರ ಏನು? ಕಾಡಿನವರ ಬಾಯಿ, ಆಮೇಲೆ ಮಾಸ್ತಿಯವರ ನಾಟಕ, ಆಮೇಲೆ 1977ರಲ್ಲಿ ಸಿ.ಆರ್. ಸಿಂಹ ನಿರ್ದೇಶಿಸಿದ ಸಿನಿಮಾ. ನಾಟಕ ಆಕರವಾಗುತ್ತದೆಯೇ ಎಂದು ಹುಡುಗಿಯನ್ನು ನಾವೆಲ್ಲ ಕೇಳಿದೆವು. ನಾಟಕದ ಬಗ್ಗೆ ಪುಟ ಬರೆಯಬಹುದು, ಸಿನಿಮಾದ ಬಗ್ಗೆ ಬರೆಯಬಹುದು, ಮಾಸ್ತಿಯವರ ಬಗ್ಗೆ ಧಾರಾಳವಾಗಿ ಬರೆಯಬಹುದು. ಕಾಕನ ಬಗ್ಗೆ ಸ್ವಲ್ಪ ಕಷ್ಟ ಎಂದಳು. ಡ್ರೈವರ್ ಅದನ್ನು ತಪ್ಪು ತಿಳಿಯಲಿಲ್ಲ. ಅವನ ಗಿರಾಕಿಗಳು ಕಾಕನಿಗಿಂತ ಹುಲಿಯನ್ನೇ ಹೆಚ್ಚು ಕೇಳುವುದು.

ಅಂದಹಾಗೆ, ಉಪನ್ಯಾಸಕರ ಮನಸ್ಸಿನಲ್ಲಿ ಎರಡನೆಯ ಮನೋವಿಜ್ಞಾನಿಯ ಹೆಸರೂ ಇತ್ತು, ಬಿ. ಕುಪ್ಪುಸ್ವಾಮಿ. ಇವರದು ಬೇರೆಯೇ ಗತಿ. ವೈದ್ಯಕೀಯ ಓದುವ ಪ್ರತಿ ವಿದ್ಯಾರ್ಥಿಗೂ ಇವರ ಹೆಸರು ಬಾಯಿಪಾಠ, ಮನುಷ್ಯ ಯಾರೆಂದು ಮಾತ್ರ ಕೇಳುವವರಿಲ್ಲ. ಕುಟುಂಬದ ಯಜಮಾನನ ಓದು, ಉದ್ಯೋಗ, ಮನೆಯ ಆದಾಯ ಮೂರಕ್ಕೂ ಅಂಕ ಕೊಟ್ಟು, ಒಟ್ಟು 29ರಲ್ಲಿ ಎಷ್ಟು ಬಂತೆಂದು ನೋಡಿ ಐದು ವರ್ಗಗಳಲ್ಲಿ ಒಂದಕ್ಕೆ ಹಾಕುವ ಮಾಪಕ ಅವರದು, 1976ರದು, ಪಟ್ಟಣದವರಿಗೆಂದು ಮಾಡಿದ್ದು. ಉಪನ್ಯಾಸಕರು ತಮ್ಮನ್ನೇ ಅಳೆದು ತೋರಿಸಿದರು. ಓದಿಗೆ 7, ಉದ್ಯೋಗಕ್ಕೆ 10, ತಿಂಗಳುಗಟ್ಟಲೆ ಸಂಬಳ ಬಾರದ ಕಾರಣ ಆದಾಯಕ್ಕೆ ಕನಿಷ್ಠ 1; ಮೊತ್ತ 18, ಮೇಲ್ಮಧ್ಯಮ ವರ್ಗ. ಹೊಗೆಸೊಪ್ಪಿನ ಕವಿಗಳಿಗೆ ಓದಿಗೆ 4, ಬೇಸಾಯಕ್ಕೆ 5, ಹರಾಜು ಕಟ್ಟೆಯಲ್ಲಿ ಒಳ್ಳೆಯ ರೇಟು ಸಿಕ್ಕಿದ್ದರಿಂದ ಆದಾಯಕ್ಕೆ ಪೂರ್ತಿ 12. ಮೊತ್ತ 21, ಅದೂ ಮೇಲ್ಮಧ್ಯಮ. ಇಬ್ಬರೂ ಒಂದೇ ವರ್ಗ ಎಂದು ತಿಳಿದು ಕವಿಗಳು ಉಪನ್ಯಾಸಕರ ಬೆನ್ನು ತಟ್ಟಿ, ಚಹಾದ ದುಡ್ಡನ್ನು ಸಮನಾಗಿ ಹಂಚಿಕೊಳ್ಳೋಣ ಎಂದರು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಹುಡುಗಿಯ ತಾಳ್ಮೆ ಮುಗಿದಿತ್ತು. ಅರ್ಧ ಪುಟದ ವಾಕ್ಯವನ್ನೂ, ನಾಲ್ಕು ಜನ್ಮಸ್ಥಳಗಳನ್ನೂ, ಮಲ್ಲಿಗೆ ವೀಳ್ಯದೆಲೆಗಳನ್ನೂ ಒಂದೇ ಸಲಕ್ಕೆ ಗುಡಿಸಿ, ಐದು ಸಾಲು ಉಳಿಸಿದಳು; ಹೆಸರಿಟ್ಟವರು ಯಾರೆಂಬಲ್ಲಿ ಎರಡೂ ಮತಗಳನ್ನು ಒಂದೇ ವಾಕ್ಯದಲ್ಲಿ ಪಕ್ಕಪಕ್ಕ ಕೂರಿಸಿದಳು. ಉಪನ್ಯಾಸಕರು ತಮ್ಮ ಹಳೆಯ ನೋಟ್ಸಿನಿಂದ 1924ರ ಪ್ರಬಂಧದ ವಿವರ ಹೇಳಿದರು, ಅದು ಆರನೆಯ ಸಾಲಾಯಿತು. ಸಭೆ ಸ್ತಂಭಿಸಿತು. “ಹಾಗಾದ್ರೆ ಬೆಳಗಿಂದ ನಾವು ಪಟ್ಟ ಶ್ರಮ?” ಎಂದು ಹೆಡ್‌ಮಾಸ್ಟರು ಗದ್ಗದರಾದರು. ಏನೂ ಹೋಗಿಲ್ಲ ಸರ್, ಎಲ್ಲ ಇತಿಹಾಸದಲ್ಲಿದೆ ಎಂದು ಅವಳು ಆ ಗುಂಡಿ ಒತ್ತಿ ತೋರಿಸಿದಳು. ಯಾರು ಯಾವ ನಿಮಿಷದಲ್ಲಿ ‘ಶ್ರೀ’ ಸೇರಿಸಿದರು, ಯಾರು ಅದನ್ನು ‘ಶ್ರೀಮಾನ್’ ಮಾಡಿದರು, ಎಲ್ಲ.

ಅವಳು ಸಮಾಧಾನಕ್ಕೆ ಹೇಳಿದ್ದು. ಹೆಡ್‌ಮಾಸ್ಟರು ಅದನ್ನು ಅಕ್ಷರಶಃ ತೆಗೆದುಕೊಂಡರು. ಮಾರನೆಯ ದಿನವೇ ಆ ಇತಿಹಾಸದ ಪುಟಗಳನ್ನೆಲ್ಲ ಮುದ್ರಿಸಿ, ಸ್ಪೈರಲ್ ಬೈಂಡ್ ಹಾಕಿಸಿ, ಗೆಜೆಟೆಡ್ ಅಧಿಕಾರಿಯೊಬ್ಬರಿಂದ ದೃಢೀಕರಣ ಮಾಡಿಸಿ, ರಾಜ್ಯೋತ್ಸವ ಪ್ರಶಸ್ತಿಯ ಅರ್ಜಿಗೆ ‘ಪ್ರಕಟಿತ ಕೃತಿಗಳು’ ಎಂಬಲ್ಲಿ ಲಗತ್ತಿಸಿದ್ದಾರೆ. ಅದರಲ್ಲಿ ಅರ್ಧ ನಮೂದುಗಳು ತಾವು ಅಳಿಸಿದ್ದು, ಆದ್ದರಿಂದ ಸಹಲೇಖಕ ತಾನು ಎಂದು ವಕೀಲರು ನೋಟಿಸು ಕಳಿಸಿದ್ದಾರೆ. ರಾಜಿಯಾಗಿ, ಕವಿಗಳ ಮುನ್ನುಡಿಯೊಂದಿಗೆ ಅದನ್ನೇ ಪುಸ್ತಕ ಮಾಡುವುದೆಂದು ತೀರ್ಮಾನವಾಗಿ, ಬಿಡುಗಡೆಯ ಆಹ್ವಾನ ಪತ್ರಿಕೆ ನಿನ್ನೆ ನನ್ನ ಕೈ ಸೇರಿತು. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಉಪಸ್ಥಿತಿ ಎಲ್ಲರೂ ಇದ್ದಾರೆ. ಪ್ರೆಸ್ಸಿನ ಹುಡುಗ ಪುಸ್ತಕದ ಹೆಸರು ಟೈಪಿಸುವಾಗ ಕಂಪ್ಯೂಟರು ತಾನೇ ಮುಂದಿನ ಪದ ಸೂಚಿಸಿತಂತೆ, ಅವನು ಒಪ್ಪಿಕೊಂಡ. ಹಾಗಾಗಿ ಗೋಪಾಲಸ್ವಾಮಿ ಪಕ್ಕದಲ್ಲಿ ‘ಬೆಟ್ಟ’ ಎಂದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಬರುವವರು ಸ್ವಂತ ವಾಹನಗಳನ್ನು ಬುಡದಲ್ಲೇ ನಿಲ್ಲಿಸಿ ಸಾರಿಗೆ ಬಸ್ಸಿನಲ್ಲಿ ಮೇಲೆ ಬರಬೇಕೆಂದು ವಿನಂತಿ.